ಹೊಸ್ತಿಲ ಮೇಲಣ ದೀಪ

ಮುಚ್ಚಂಜೆಯಾದೊಡನೆ ಮನೆಯ ಹೊಸ್ತಿಲ ಮೇಲೆ ಒಂದು ಹಣತೆಯನ್ನು ಹಚ್ಚಿಡುವುದು ಕನ್ನಡನಾಡಿನ ಹಳೆಯ ವಾಡಿಕೆ. ಹಣತೆ ಒಂದೇ; ಅದಕ್ಕೆ ಬೇಕಾದ ಎಣ್ಣೆಯೂ ಒಂದು ಮಿಳ್ಳೆಯಷ್ಟೇ. ಆದರೆ ಅದರ ಬೆಳಕು ನಡುಮನೆಗೂ ಬೀಳುವುದು, ಹೊರಗಣ ಜಗಲಿಗೂ ಬೀಳುವುದು. ಒಳಗಿದ್ದವರಿಗೆ ಬರುವವನ ಮುಖ ಕಾಣುವುದು. ಬರುವವನಿಗೆ ಮೆಟ್ಟಿಲು ಕಾಣುವುದು. ಪೂರ್ವಿಕರು ಇದಕ್ಕೆ ದೇಹಲೀದೀಪನ್ಯಾಯವೆಂದು ಹೆಸರಿಟ್ಟರು. ವಾಕ್ಯದ ನಡುವೆ ನಿಂತ ಒಂದೇ ಪದವು ಹಿಂದಿನ ಮಾತಿಗೂ ಮುಂದಿನ ಮಾತಿಗೂ ಅನ್ವಯಿಸುವಾಗ ಪಂಡಿತರು ಈ ನ್ಯಾಯವನ್ನು ಹೇಳಿ ಅರ್ಥಮಾಡಿಸುವರು.

ಒಂದು ದೇಶಕ್ಕೆ ಹೊಸದಾಗಿ ಬಂದು ನೆಲಸುವವರ ಪಾಲಿಗೆ ಆ ದೇಶದ ಭಾಷೆಯೆಂಬುದು ಇಂಥ ಹೊಸ್ತಿಲೇ ಸರಿ. ಅದನ್ನು ದಾಟಿದವನು ಮನೆಯವನು. ದಾಟದವನು ಎಷ್ಟು ವರ್ಷ ಇದ್ದರೂ ಜಗಲಿಯವನು. ಆ ಹೊಸ್ತಿಲ ಮೇಲೆ ದೀಪವನ್ನಿಡಬೇಕೋ, ಬಾಗಿಲಿಗೆ ಅಗುಳಿಯನ್ನು ಹಾಕಬೇಕೋ ಎಂಬುದನ್ನು ತೀರ್ಮಾನಿಸುವವರು ಶಾಸನಕರ್ತರು. ಅವರು ಮನಸ್ಸಿನಲ್ಲಿ ಒಳ್ಳೆಯವರೇ ಆಗಿರಬಹುದು. ಆದರೆ ಸಭಾಭವನದ ಎತ್ತರದ ಪೀಠದಿಂದ ನೋಡಿದರೆ ಹೊಸ್ತಿಲು ಚೆನ್ನಾಗಿ ಕಾಣುವುದಿಲ್ಲ. ಅಲ್ಲಿ ಯಾರು ಎಡವಿದರು, ಯಾರು ದಾಟಿದರು ಎಂಬುದನ್ನು ಹತ್ತಿರದಿಂದ ನೋಡಿ ಬಂದು ಹೇಳುವವರು ಬೇಕು. ಹೀಗೆ ನೋಡಿ, ಎಣಿಸಿ, ವಿಚಾರಿಸಿ ಹೇಳುವ ಕೆಲಸಕ್ಕೆ ಈ ಕಾಲದಲ್ಲಿ ನೀತಿಸಂಶೋಧನೆಯೆಂದು ಹೆಸರು. ಅದು ಶಾಸನಕರ್ತರ ದೃಷ್ಟಿಯನ್ನು ಎಲ್ಲಿ ತಿದ್ದಬಲ್ಲದು, ಎಲ್ಲಿ ತಿದ್ದಲಾರದು ಎಂಬುದಕ್ಕೆ ಆಸ್ಟ್ರೇಲಿಯ ದೇಶದ ಕಥೆಗಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ. ಏಕೆಂದರೆ ಅಲ್ಲಿಯ ಪಾರ್ಲಿಮೆಂಟು ಭಾಷೆಯನ್ನು ಒಮ್ಮೆ ಅಗುಳಿಯನ್ನಾಗಿ ಬಳಸಿತು. ಮತ್ತೊಮ್ಮೆ ದೀಪವನ್ನಾಗಿ ಬಳಸಿತು.

ಆ ಕಥೆಯನ್ನು ತೊಡಗುವ ಮುನ್ನ ಒಬ್ಬ ಹೆಣ್ಣುಮಗಳನ್ನು ಕಲ್ಪಿಸಿಕೊಳ್ಳುವುದು ಒಳ್ಳೆಯದು; ಇಲ್ಲವಾದರೆ ಅಂಕಿಗಳ ನಡುವೆ ಮನುಷ್ಯರು ಮರೆತುಹೋಗುವರು. ಕನ್ನಡನಾಡಿನ ಎಷ್ಟೋ ಮನೆಗಳ ಮಕ್ಕಳು ಈಗ ಸಿಡ್ನಿ, ಮೆಲ್ಬರ್ನ್ ಮೊದಲಾದ ಊರುಗಳಲ್ಲಿ ನೆಲಸಿರುವರು. ಗಂಡನಿಗೆ ಉದ್ಯೋಗದ ಬಲದಿಂದ ಇಂಗ್ಲಿಷು ಬರುವುದು. ಧಾರವಾಡದ ಕಡೆಯ ಹಳ್ಳಿಯೊಂದರಲ್ಲಿ ಕನ್ನಡ ಶಾಲೆಯಲ್ಲಿ ಓದಿದ ಹೆಂಡತಿಗೆ ಆ ಬಲವಿಲ್ಲ. ಮಗುವಿಗೆ ಜ್ವರ ಬಂದ ದಿನ ಗಂಡ ಕೆಲಸಕ್ಕೆ ಹೋಗಿದ್ದಾನೆ; ಅವಳೊಬ್ಬಳೇ ವೈದ್ಯರಲ್ಲಿಗೆ ಹೋಗಿ ಬಂದಿದ್ದಾಳೆ. ರಾತ್ರಿ ಊರಿನಿಂದ ತಾಯಿ ದೂರವಾಣಿಯಲ್ಲಿ ಕೇಳುತ್ತಾಳೆ:

"ಔಷಧ ಎಷ್ಟು ತಾಸಿಗೊಮ್ಮೆ ಕುಡಿಸಬೇಕಂತ ಕೇಳಿದೇನವಾ?"

"ಕೇಳಾಕ ಮಾತು ಬರಲಿಲ್ಲವ್ವಾ. ತಲಿ ಆಡಿಸಿ ಬಂದೆ."

ಈ ತಲೆಯಾಡಿಸುವಿಕೆಯಲ್ಲಿ ಎಷ್ಟು ಭಯವಿದೆ, ಎಷ್ಟು ಮಾನಭಂಗವಿದೆ ಎಂಬುದನ್ನು ತಾಯಂದಿರು ಬಲ್ಲರು. ಶಾಸನವು ಯಾರಿಗಾಗಿ ಎಂದು ಕೇಳಿದಾಗ ಈ ಹೆಣ್ಣುಮಗಳ ಕಡೆಗೇ ಬೆರಳು ತೋರಿಸಬೇಕು.

ಇನ್ನು ಕಥೆ. 1901ನೆಯ ಇಸವಿಯಲ್ಲಿ ಆಸ್ಟ್ರೇಲಿಯದ ವಸಾಹತುಗಳು ಒಂದಾಗಿ ಹೊಸ ಪಾರ್ಲಿಮೆಂಟು ಏರ್ಪಟ್ಟಿತು. ಅದು ಮೊದಮೊದಲು ಮಾಡಿದ ಶಾಸನಗಳಲ್ಲಿ ವಲಸೆ ನಿರ್ಬಂಧ ಶಾಸನವೂ ಒಂದು. ಬಿಳಿಯರಲ್ಲದವರು ಒಳಗೆ ಬರಕೂಡದೆಂಬುದು ಅದರ ಉದ್ದೇಶ. ಆದರೆ ಬಣ್ಣವನ್ನು ಬಾಯಿಬಿಟ್ಟು ಹೆಸರಿಸಿದರೆ ಸಾಮ್ರಾಜ್ಯಕ್ಕೆ ಮುಜುಗರವಾಗುವುದೆಂದು ಭಾಷೆಯ ಮರೆಯನ್ನು ಹಿಡಿದರು. ಅಧಿಕಾರಿಯು ಯುರೋಪಿನ ಯಾವುದಾದರೊಂದು ಭಾಷೆಯಲ್ಲಿ 50 ಶಬ್ದಗಳ ಉಕ್ತಲೇಖನವನ್ನು ಹೇಳುವನು. ಬಂದವನು ತಪ್ಪಿಲ್ಲದೆ ಬರೆಯಬೇಕು. ಯಾವ ಭಾಷೆಯೆಂಬುದನ್ನು ಆರಿಸುವವನು ಅಧಿಕಾರಿಯೇ. ಈ ಉಪಾಯದ ಮೂಲವು ದಕ್ಷಿಣ ಆಫ್ರಿಕದ ನೆಟಾಲ್ ವಸಾಹತಿನಲ್ಲಿ 1897ರಲ್ಲಿ ಆದ ಶಾಸನ. ಅದು ಮುಖ್ಯವಾಗಿ ಹಿಂದೂಸ್ಥಾನದವರನ್ನು ತಡೆಯುವುದಕ್ಕಾಗಿ ಹುಟ್ಟಿದುದು. ಆಗ ಅಲ್ಲಿದ್ದ ಗಾಂಧಿಯವರು ಅದನ್ನು ವಿರೋಧಿಸಿದವರಲ್ಲಿ ಮುಂದಾಳು. ಹೀಗೆ ಈ ಅಗುಳಿಯ ಪೆಟ್ಟು ಭಾರತೀಯರ ಬೆರಳಿಗೂ ತಗಲಿದೆ.

ಅಂಕಿಗಳು ಇಲ್ಲಿ ತಾವಾಗಿಯೇ ಸಾಕ್ಷಿ ನುಡಿಯುವುವು. 1902 ಮತ್ತು 1903ರಲ್ಲಿ ಆ ಪರೀಕ್ಷೆಯನ್ನು 805 ಸಲ ನಡೆಸಿದರು. ತೇರ್ಗಡೆಯಾದವರು 46 ಮಂದಿ. 1904ರಿಂದ 1909ರವರೆಗೆ 554 ಸಲ ನಡೆಸಿದರು; ತೇರ್ಗಡೆಯಾದವರು 6 ಮಂದಿ. ಅನಂತರ ಒಬ್ಬನೂ ತೇರ್ಗಡೆಯಾಗಲಿಲ್ಲ. ಪಾಠವನ್ನು ಹೇಳದೆ ಪರೀಕ್ಷೆಯನ್ನು ಮಾತ್ರ ಕೊಡುವ ಉಪಾಧ್ಯಾಯನ ಬಗೆ ಇದು. 1934ರಲ್ಲಿ ಎಗೊನ್ ಕಿಶ್ ಎಂಬ ಯುರೋಪಿನ ಲೇಖಕನೊಬ್ಬನು ಬಂದನು. ಅವನ ರಾಜಕೀಯಮತ ಸರಕಾರಕ್ಕೆ ಹಿಡಿಸಲಿಲ್ಲ. ಹಲವು ಭಾಷೆಗಳನ್ನು ಬಲ್ಲ ಅವನನ್ನು ಸೋಲಿಸುವುದಕ್ಕೆಂದು ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಉಕ್ತಲೇಖನ ಕೊಟ್ಟರು. ಮೊಕದ್ದಮೆ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಶಾಸನದ ಅರ್ಥದಲ್ಲಿ ಅದು ಯುರೋಪಿನ ಭಾಷೆಯಲ್ಲವೆಂದು ನ್ಯಾಯಾಧೀಶರು ಆ ಪರೀಕ್ಷೆಯನ್ನು ತಳ್ಳಿಹಾಕಿದರು. ದೇಶವೇ ನಕ್ಕಿತು. ಆದರೂ ಆ ಅಗುಳಿ ಕಳಚಿದುದು 1958ರಲ್ಲಿ.

ಅಗುಳಿ ಇನ್ನೂ ಇದ್ದಾಗಲೇ ಅದೇ ಬಾಗಿಲಲ್ಲಿ ದೀಪವನ್ನೂ ಹಚ್ಚಬೇಕಾಗಿ ಬಂದುದು ವಿಚಿತ್ರ. ಎರಡನೆಯ ಮಹಾಯುದ್ಧ ಮುಗಿದಾಗ ದೇಶಕ್ಕೆ ಜನ ಸಾಲದೆಂಬ ಅಂಜಿಕೆ ಹುಟ್ಟಿತ್ತು. ವಲಸೆಯ ಮೊದಲನೆಯ ಮಂತ್ರಿಯಾದ ಆರ್ಥರ್ ಕಾಲ್ವೆಲ್ ಯುರೋಪಿನ ನಿರಾಶ್ರಿತರನ್ನು ಕರೆಸಿಕೊಳ್ಳಲು ಏರ್ಪಾಡು ಮಾಡಿದನು. 1947ರ ಕೊನೆಯಿಂದ ಕೆಲವೇ ವರ್ಷಗಳಲ್ಲಿ ಸುಮಾರು 1,70,000 ಮಂದಿ ಬಂದಿಳಿದರು. ಅವರಲ್ಲಿ ಬಹುಮಂದಿಗೆ ಇಂಗ್ಲಿಷು ತಿಳಿಯದು. ಬಾನೆಗಿಲ್ಲ ಎಂಬಲ್ಲಿ ಸೈನ್ಯದವರು ಬಿಟ್ಟುಹೋಗಿದ್ದ ಶಿಬಿರದಲ್ಲಿ ಅವರನ್ನಿಳಿಸಿ ಪಾಠವನ್ನು ಪ್ರಾರಂಭಿಸಿದರು. ಬರುವ ಹಡಗಿನಲ್ಲಿಯೇ ಪಾಠ, ಶಿಬಿರದಲ್ಲಿ ಪಾಠ, ಕೆಲಸದ ಊರಿನಲ್ಲಿ ಸಂಜೆಯ ಪಾಠ, ಅಂಚೆಯ ಮೂಲಕ ಪಾಠ, ರೇಡಿಯೋದಲ್ಲಿ ಪಾಠ. ವಯಸ್ಕ ವಲಸೆಗಾರರ ಈ ಇಂಗ್ಲಿಷ್ ಶಿಕ್ಷಣವು ಇಂದಿಗೂ ನಡೆಯುತ್ತಿದೆ. ಸರಕಾರವೊಂದು ತನ್ನ ವೆಚ್ಚದಲ್ಲಿ ಇಷ್ಟು ದೀರ್ಘಕಾಲ ಇಂಥ ಕೆಲಸವನ್ನು ನಡೆಸಿಕೊಂಡು ಬಂದುದು ಅಪರೂಪವೇ ಸರಿ.

ಆದರೆ ಪಾಠ ಹೇಳುವುದು ಒಂದು. ಪಾಠ ಹತ್ತಿತೇ ಎಂದು ನೋಡುವುದು ಮತ್ತೊಂದು. ಮೊದಲ ಎರಡು ದಶಕಗಳಲ್ಲಿ ಸರಕಾರದವರ ನಂಬಿಕೆ ಸರಳವಾಗಿದ್ದಿತು. ಬಂದವರು ಕೆಲಸ ಮಾಡುವರು, ಇಷ್ಟಿಷ್ಟಾಗಿ ಇಂಗ್ಲಿಷು ಕಲಿಯುವರು, ಹಾಲಿನಲ್ಲಿ ಸಕ್ಕರೆಯಂತೆ ಕರಗುವರು, ವಿಚಾರಿಸುವುದಕ್ಕೆ ಏನಿದೆ? ಹೀಗೆಂದುಕೊಂಡವರ ನಡುವೆ ಜೀನ್ ಮಾರ್ಟಿನ್ ಎಂಬ ಸಮಾಜಶಾಸ್ತ್ರಜ್ಞೆಯೊಬ್ಬಳು ಗೌಲ್ಬರ್ನ್ ಎಂಬ ಊರಿನಲ್ಲಿ ನಿರಾಶ್ರಿತರ ಬಾಳುವೆಯನ್ನು ಹತ್ತಿರದಿಂದ ಕಂಡು 1965ರಲ್ಲಿ ಗ್ರಂಥವನ್ನು ಬರೆದಳು. 1978ರಲ್ಲಿ ಆಕೆ ಪ್ರಕಟಿಸಿದ ಮತ್ತೊಂದು ಗ್ರಂಥದಲ್ಲಿ, ಶಾಲೆಗಳೂ ಆಸ್ಪತ್ರೆಗಳೂ ಕಾರ್ಮಿಕ ಸಂಘಗಳೂ ವಲಸೆಗಾರರ ಇರವನ್ನು ಹೇಗೆ ಕಂಡುವು, ಹೇಗೆ ಕಾಣದೆ ಹೋದುವು ಎಂಬುದನ್ನು ಎಳೆಎಳೆಯಾಗಿ ಬಿಡಿಸಿಟ್ಟಳು. ಇಂಥ ವಿಚಾರಣೆಯ ಫಲವಿಷ್ಟು: ಕರಗಿದರೆಂದು ತಿಳಿದುಕೊಂಡಿದ್ದವರಲ್ಲಿ ಎಷ್ಟೋ ಮಂದಿ ಕರಗಿರಲಿಲ್ಲ, ಕಣ್ಣಿಗೆ ಕಾಣದಂತೆ ತಳದಲ್ಲಿ ಕುಳಿತಿದ್ದರು.

ಶಾಸನವೂ ಮೆಲ್ಲನೆ ಕಣ್ತೆರೆಯಿತು. 1971ರಲ್ಲಿ ವಲಸೆಗಾರರ ಶಿಕ್ಷಣಕ್ಕಾಗಿಯೇ ಒಂದು ಪ್ರತ್ಯೇಕ ಶಾಸನವಾಯಿತು. 1977ರಲ್ಲಿ ಪ್ರಧಾನಮಂತ್ರಿ ಮಾಲ್ಕಮ್ ಫ್ರೇಸರನ ಸರಕಾರವು ಫ್ರಾಂಕ್ ಗಾಲ್ಬಲಿ ಎಂಬ ಮೆಲ್ಬರ್ನಿನ ವಕೀಲನ ನೇತೃತ್ವದಲ್ಲಿ ಒಂದು ವಿಚಾರಣಾ ಸಮಿತಿಯನ್ನು ನೇಮಿಸಿತು. ಮರುವರ್ಷ ಆ ಸಮಿತಿಯು 57 ಸಲಹೆಗಳ ವರದಿಯನ್ನು ಒಪ್ಪಿಸಿತು. ಬಂದ ಹೊಸತರಲ್ಲಿಯೇ ಇಂಗ್ಲಿಷು ಕಲಿಯುವ ಅನುಕೂಲವನ್ನು ಹೆಚ್ಚಿಸಬೇಕೆಂಬುದು ಅವುಗಳಲ್ಲಿ ಮುಖ್ಯ. ವರದಿಯನ್ನು ಇಂಗ್ಲಿಷಿನಲ್ಲಿ ಮಾತ್ರವಲ್ಲದೆ ವಲಸೆಗಾರರ ಹಲವು ಭಾಷೆಗಳಲ್ಲಿಯೂ ಹೊರಡಿಸಿದರು. ಯಾರನ್ನು ಕುರಿತು ಬರೆದರೋ ಅವರೇ ಓದಬಹುದಾದ ಸರಕಾರೀ ವರದಿ! ದೇಹಲೀದೀಪವೆಂದರೆ ಇದು. ಆಳುವವರಿಗೆ ಪ್ರಜೆಗಳನ್ನು ತೋರಿಸಿದ ಬೆಳಕೇ ಪ್ರಜೆಗಳಿಗೆ ಆಳುವವರನ್ನೂ ತೋರಿಸಿತು.

ಈ ಬಗೆಯ ವಿಚಾರಣೆಯ ಸಾಧನಗಳೇನೆಂಬುದನ್ನು ಸ್ವಲ್ಪ ನೋಡಬಹುದು. ಮೊದಲನೆಯದು ಜನಗಣತಿ. ಮನೆಯಲ್ಲಿ ಇಂಗ್ಲಿಷಲ್ಲದ ಭಾಷೆಯನ್ನಾಡುವವರನ್ನು, ಇಂಗ್ಲಿಷು ಬಹಳ ಚೆನ್ನಾಗಿ ಬರುವುದೇ, ಚೆನ್ನಾಗಿ ಬರುವುದೇ, ಚೆನ್ನಾಗಿ ಬಾರದೇ, ಏನೂ ಬಾರದೇ ಎಂದು ಆಸ್ಟ್ರೇಲಿಯದ ಗಣತಿಯಲ್ಲಿ ಕೇಳುವರು. 2021ರ ಗಣತಿಯಲ್ಲಿ ಕೊನೆಯ ಎರಡು ಉತ್ತರಗಳನ್ನು ಕೊಟ್ಟವರು 8,50,000ಕ್ಕೂ ಹೆಚ್ಚು. ಎರಡನೆಯದು ಆಯ್ದ ಕೆಲವರನ್ನು ಹತ್ತಿರದಿಂದ ನೋಡುವುದು. ಪಾತ್ರೆಯ ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳನ್ನು ಹಿಸುಕಿ ನೋಡುವರಷ್ಟೆ, ಇದೇ ಸ್ಥಾಲೀಪುಲಾಕನ್ಯಾಯ. ಆದರೆ ಮನುಷ್ಯರು ಅನ್ನದ ಅಗುಳುಗಳಂತೆ ಒಂದೇ ಸಮನಲ್ಲ. ಪದವೀಧರನಾದ ಯಂತ್ರಶಿಲ್ಪಿಯೂ ಶಾಲೆಯ ಮುಖವನ್ನೇ ಕಾಣದ ಮುದುಕಿಯೂ ಒಂದೇ ತರಗತಿಯಲ್ಲಿ ಕುಳಿತಿರುವರು. ಆದುದರಿಂದ ಹಲವು ಕಡೆಯ ಅಗುಳುಗಳನ್ನು ತೆಗೆದು ನೋಡಬೇಕು; ಒಮ್ಮೆ ನೋಡಿದರೆ ಸಾಲದು, ವರ್ಷ ಕಳೆದ ಮೇಲೆ ಮತ್ತೆ ನೋಡಬೇಕು. ಮಕ್ವಾರಿ ವಿಶ್ವವಿದ್ಯಾನಿಲಯದ ಪಂಡಿತರು ಈ ಶಿಕ್ಷಣವನ್ನು ಪಡೆದವರನ್ನು ಹೀಗೆ ಬೆನ್ನುಹತ್ತಿ ನೋಡಿ 2010ರ ಸುಮಾರಿಗೆ ಬರೆದಿಟ್ಟಿರುವರು. ತರಗತಿಯಲ್ಲಿ ಏನು ಕಲಿತರೆಂಬುದಲ್ಲದೆ, ತರಗತಿಯಿಂದ ಹೊರಬಿದ್ದ ಮೇಲೆ ಯಾರೊಡನೆ ಮಾತನಾಡಿದರೆಂಬುದನ್ನೂ ಅವರು ವಿಚಾರಿಸಿದರು. ಪಾಠವನ್ನು ಕಲಿತೂ ಮಾತನಾಡುವ ಜತೆ ಸಿಕ್ಕದವರು ಅನೇಕರು.

ಮೂರನೆಯ ಸಾಧನ ಪಾರ್ಲಿಮೆಂಟಿನೊಳಗಿನದು. ಮಸೂದೆಯೊಂದು ಬಂದಾಗ ಅದನ್ನು ಉಪಸಮಿತಿಗೆ ಒಪ್ಪಿಸಿದರೆ, ಉಪಾಧ್ಯಾಯರು, ಪಂಡಿತರು, ಸಂಘಸಂಸ್ಥೆಗಳವರು, ಸಾಮಾನ್ಯ ಪ್ರಜೆಗಳು ಯಾರು ಬೇಕಾದರೂ ತಮ್ಮ ಅಭಿಪ್ರಾಯವನ್ನು ಬರೆದು ಕಳುಹಿಸಬಹುದು. ಪಾರ್ಲಿಮೆಂಟಿನ ಗ್ರಂಥಭಂಡಾರದಲ್ಲಿರುವ ವಿದ್ವಾಂಸರು ಮಸೂದೆಗಳ ಹಿನ್ನೆಲೆಯನ್ನೂ ಗುಣದೋಷಗಳನ್ನೂ ಪಕ್ಷಪಾತವಿಲ್ಲದೆ ಸಂಗ್ರಹಿಸಿ ಸದಸ್ಯರ ಕೈಗೆ ಕೊಡುವರು. ಸದಸ್ಯನು ಅದನ್ನು ಓದುವನೋ ಇಲ್ಲವೋ ಬೇರೆ ಮಾತು. ಓದಬೇಕೆಂಬುವನಿಗೆ ಅಜ್ಞಾನದ ನೆವ ಉಳಿಯುವುದಿಲ್ಲ.

ಈ ಸಾಧನಗಳೆಲ್ಲ ಇದ್ದೂ ಶಾಸನವು ತಪ್ಪು ಪ್ರಶ್ನೆಯನ್ನು ಹಿಡಿದುಕೊಂಡು ಎಷ್ಟು ವರ್ಷ ನಡೆಯಬಹುದು ಎಂಬುದಕ್ಕೆ 510 ಗಂಟೆಗಳ ಕಥೆ ಸಾಕ್ಷಿ. 1990ರ ದಶಕದ ಆರಂಭದಲ್ಲಿ, ಇಂಗ್ಲಿಷು ಬಾರದ ಪ್ರತಿಯೊಬ್ಬ ಅರ್ಹ ವಲಸೆಗಾರನಿಗೂ 510 ಗಂಟೆಗಳ ಪಾಠವು ಹಕ್ಕಾಗಿ ದೊರೆಯಬೇಕೆಂದು ಏರ್ಪಟ್ಟಿತು. ನಿತ್ಯವ್ಯವಹಾರಕ್ಕೆ ಸಾಕಾಗುವಷ್ಟು ಇಂಗ್ಲಿಷು ಬಂದರೆ ಪಾಠ ನಿಲ್ಲುವುದು. ಗಂಟೆಗಳು ತೀರಿದರೂ ನಿಲ್ಲುವುದು. ಐದು ವರ್ಷಗಳೊಳಗೆ ಮುಗಿಸಬೇಕು. ಹಕ್ಕೆಂದು ಕೊಟ್ಟುದು ದೊಡ್ಡ ಮಾತು, ಅದನ್ನು ಹಳಿಯಲಾಗದು. ಆದರೆ ಗಂಟೆಯ ಲೆಕ್ಕವು ಹಾಜರಿ ಪುಸ್ತಕದ ಲೆಕ್ಕದಂಥದು. ಹಳೆಯ ಕಾಲದ ಇನ್‌ಸ್ಪೆಕ್ಟರರಲ್ಲಿ ಎರಡು ಬಗೆಯವರಿದ್ದರು. ಒಬ್ಬರು ಹಾಜರಿ ಪುಸ್ತಕವನ್ನು ತಿರುವಿಹಾಕಿ, ಮೊತ್ತ ಸರಿಯಾಗಿದ್ದರೆ ರುಜುಮಾಡಿ ಹೊರಟುಹೋಗುವರು. ಮತ್ತೊಬ್ಬರು ಕೊನೆಯ ಸಾಲಿನ ಹುಡುಗನನ್ನು ಎಬ್ಬಿಸಿ, "ಎಲ್ಲಿ, ಓದು ನೋಡೋಣ" ಎನ್ನುವರು. ಉಪಾಧ್ಯಾಯರಿಗೆ ಹೆದರಿಕೆ ಎರಡನೆಯವರದು. ಆದರೆ ಶಾಲೆಗೆ ಉಪಕಾರವಾಗುತ್ತಿದ್ದುದೂ ಎರಡನೆಯವರಿಂದಲೇ. ಪಾರ್ಲಿಮೆಂಟು ಬಹುಕಾಲ ಮೊದಲನೆಯ ಇನ್‌ಸ್ಪೆಕ್ಟರರಂತೆ ಗಂಟೆಗಳನ್ನು ಎಣಿಸಿತು. ಸಂಶೋಧಕರು ಎರಡನೆಯವರಂತೆ ಕೊನೆಯ ಸಾಲಿನವರನ್ನು ಎಬ್ಬಿಸಿದರು.

ಎಬ್ಬಿಸಿದಾಗ ತಿಳಿದುಬಂದುದೇನು? 2020ರ ಆಗಸ್ಟ್ 28ರಂದು, ಆಗ ವಲಸೆಯ ಖಾತೆಯನ್ನು ನೋಡಿಕೊಳ್ಳುತ್ತಿದ್ದ ಮಂತ್ರಿ ಅಲನ್ ಟಡ್ಜ್ ಪತ್ರಕರ್ತರ ಸಭೆಯೊಂದರಲ್ಲಿ ಅದನ್ನು ಬಹಿರಂಗವಾಗಿ ಒಪ್ಪಿಕೊಂಡನು. ಕಲಿಯಲು ಬಂದವರು ಸರಾಸರಿಯಲ್ಲಿ ಬಳಸಿಕೊಂಡುದು ಸುಮಾರು 300 ಗಂಟೆ ಮಾತ್ರ. ನಿತ್ಯವ್ಯವಹಾರಕ್ಕೆ ಸಾಲುವ ಇಂಗ್ಲಿಷನ್ನು ಪಡೆದು ಹೊರಬಿದ್ದವರು ನೂರಕ್ಕೆ 21 ಮಂದಿ. ಈ ಎರಡು ಅಂಕಿಗಳನ್ನು ಒಟ್ಟಿಗಿಟ್ಟು ನೋಡಿದವರಿಗೆ ಒಂದು ಒಗಟು ಎದುರಾಗುವುದು. 510 ಗಂಟೆ ಸಾಲದೆಂದು ಕೆಲವರು ಕೂಗುತ್ತಿರುವರು. ಬಹುಮಂದಿ ಆ 510ನ್ನೂ ಮುಟ್ಟುತ್ತಿಲ್ಲ. ಹಾಗಾದರೆ ಗಂಟೆಯನ್ನು ಹೆಚ್ಚಿಸಬೇಕೋ ಬೇಡವೋ?

ಒಗಟಿನ ಬೀಗದಕೈ ಆ ಹೆಣ್ಣುಮಗಳ ಮನೆಯಲ್ಲಿದೆ. ಅವಳು ತರಗತಿಗೆ ಸೇರಿದಳೆಂದಿಟ್ಟುಕೊಳ್ಳಬಹುದು. ಮೂರು ತಿಂಗಳು ಹೋದಳು. ಅಷ್ಟರಲ್ಲಿ ಮಗುವಿಗೆ ಕಾಯಿಲೆ. ಬಳಿಕ ಮನೆ ಬದಲಾಯಿಸಿದರು, ತರಗತಿ ದೂರವಾಯಿತು. ಆಮೇಲೆ ಎರಡನೆಯ ಹೆರಿಗೆ. ಮಕ್ಕಳು ಶಾಲೆಗೆ ಹೊರಟು ಮನೆ ಬಿಡುವಾಗುವ ಹೊತ್ತಿಗೆ ಐದು ವರ್ಷ ತುಂಬಿತ್ತು, ಹಕ್ಕು ತೀರಿತ್ತು. ಹಾಜರಿ ಪುಸ್ತಕದಲ್ಲಿ ಅವಳು ಪಾಠವನ್ನು ಬಿಟ್ಟವಳು. ನಿಜದಲ್ಲಿ ಪಾಠವೇ ಅವಳನ್ನು ಕಾಯದೆ ಹೊರಟುಹೋಯಿತು. ಇನ್ನೊಬ್ಬನು ತನ್ನ ಗಂಟೆಗಳನ್ನೆಲ್ಲ ಬಳಸಿಯೂ ತಾಯ್ನುಡಿಯಲ್ಲೇ ಅಕ್ಷರವನ್ನು ಕಲಿತವನಲ್ಲವಾದುದರಿಂದ ಅರ್ಧದಾರಿಯಲ್ಲಿರುವನು. ಒಬ್ಬರಿಗೆ ಕಾಲ ಸಾಲದು. ಒಬ್ಬರಿಗೆ ಗಂಟೆ ಸಾಲದು. ಸರಾಸರಿಯ ಅಂಕಿ ಇಬ್ಬರನ್ನೂ ಒಂದೇ ಚೀಲಕ್ಕೆ ತುಂಬಿ ಇಬ್ಬರ ಮುಖವನ್ನೂ ಮರೆಸುವುದು.

ಆ ವರ್ಷವೇ ಪಾರ್ಲಿಮೆಂಟು 1971ರ ಶಾಸನವನ್ನು ತಿದ್ದಿತು. 2021ರ ಏಪ್ರಿಲ್ 19ರಿಂದ ತಿದ್ದುಪಡಿ ಜಾರಿಗೆ ಬಂದಿತು. 510 ಗಂಟೆಗಳ ಮಿತಿಯನ್ನು ತೆಗೆದುಹಾಕಿದರು. 2020ರ ಅಕ್ಟೋಬರ್ 1ಕ್ಕೆ ಮೊದಲೇ ದೇಶದಲ್ಲಿದ್ದವರಿಗೆ ಕಾಲದ ಮಿತಿಯನ್ನೂ ಸಡಿಲಿಸಿದರು. ನಿತ್ಯವ್ಯವಹಾರದ ಮಟ್ಟಕ್ಕೆ ನಿಲ್ಲಿಸದೆ, ಉದ್ಯೋಗದ ಶಿಕ್ಷಣಕ್ಕೆ ಸಾಲುವ ಮಟ್ಟದವರೆಗೆ ಕಲಿಸಬೇಕೆಂದು ಗೊತ್ತುಮಾಡಿದರು. ಪಾಠದ ವೇಳೆಯಲ್ಲಿ ಎಳೆಯ ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಡೂ, ಮನೆಗೆ ಬಂದು ಕಲಿಸುವ ಸ್ವಯಂಸೇವಕರ ಏರ್ಪಾಡೂ ಈ ಶಿಕ್ಷಣದಲ್ಲಿ ಸೇರಿವೆ. ಇಲ್ಲಿ ಸಂಶೋಧನೆ ಮಾಡಿದ ಕಾರ್ಯವು ಉತ್ತರವನ್ನು ಕೊಟ್ಟುದಲ್ಲ; ಪ್ರಶ್ನೆಯನ್ನು ಬದಲಿಸಿದುದು. "ಎಷ್ಟು ಗಂಟೆ ಕೊಟ್ಟೆವು?" ಎಂದು ಕೇಳುತ್ತಿದ್ದವರು "ಎಷ್ಟು ಮಂದಿಗೆ ಮಾತು ಬಂತು?" ಎಂದು ಕೇಳತೊಡಗಿದರು. ಶಾಸನಸಭೆಗೆ ಸಂಶೋಧಕನು ಮಾಡಬಹುದಾದ ಉಪಕಾರಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ.

ಆದರೆ ಸಂಶೋಧನೆಯ ಹೆಸರಿನಲ್ಲಿ ಬಂದುದೆಲ್ಲವೂ ಬೆಳಕಲ್ಲ. 2017ರ ಜುಲೈಯಲ್ಲಿ ಇದೇ ಶಿಕ್ಷಣಕ್ಕೆ ಹೊಸ ಕರಾರುಗಳು ಬಂದುವು. ಕಲಿಯುವವರ ಪ್ರಗತಿಯನ್ನು ಒಂದು ಗೊತ್ತಾದ ಅಳತೆಗೋಲಿನಿಂದ ಮೇಲಿಂದ ಮೇಲೆ ಅಳೆದು ತೋರಿಸಬೇಕೆಂದು ವಿಧಿಸಿದರು. ಅಳೆಯುವ ಕೆಲಸವೇ ಕಲಿಸುವ ಹೊತ್ತನ್ನು ನುಂಗುತ್ತಿದೆಯೆಂದು ಉಪಾಧ್ಯಾಯರ ಸಂಘದವರು ದೂರಿದರು. ಸಸಿಯ ಬೇರು ಎಷ್ಟು ಇಳಿಯಿತೆಂದು ದಿನವೂ ಕಿತ್ತು ನೋಡುವವನ ಸಸಿ ಬದುಕುವುದಿಲ್ಲ. ಅಳತೆಯೂ ಬೇಕು, ಆದರೆ ಎಷ್ಟು ಬೇಕೆಂಬುದನ್ನು ಕಲಿಸುವವನನ್ನು ಕೇಳಿ ತಿಳಿಯಬೇಕು.

ಅದೇ ವರ್ಷ ಹಳೆಯ ಅಗುಳಿಯ ನೆರಳೂ ಬಾಗಿಲ ಮೇಲೆ ಮತ್ತೊಮ್ಮೆ ಬಿದ್ದಿತು. ಪೌರತ್ವವನ್ನು ಬಯಸುವವರಿಗೆ ಇಂಗ್ಲಿಷಿನಲ್ಲಿ ಉನ್ನತ ಮಟ್ಟದ ಪರೀಕ್ಷೆಯನ್ನು ವಿಧಿಸುವ ಮಸೂದೆಯೊಂದು 2017ರ ಜೂನ್‌ನಲ್ಲಿ ಮಂಡಿತವಾಯಿತು. ಕೇಳಿದ ಮಟ್ಟವು ಪರದೇಶದ ವಿದ್ಯಾರ್ಥಿಗಳಿಂದ ಅನೇಕ ವಿಶ್ವವಿದ್ಯಾನಿಲಯಗಳು ಕೇಳುವ ಮಟ್ಟಕ್ಕೆ ಸಮೀಪವಾದುದು. ಸೆನೆಟ್ಟಿನ ಸಮಿತಿಗೆ ನೂರಾರು ಲಿಖಿತ ನಿವೇದನೆಗಳು ಬಂದುವು. ಭಾಷಾಶಾಸ್ತ್ರಜ್ಞರೂ ಉಪಾಧ್ಯಾಯರೂ ಅಂಕಿಗಳನ್ನು ಮುಂದಿಟ್ಟರು: 510 ಗಂಟೆಗಳ ಪಾಠದಿಂದ ಅಕ್ಷರ ಬಾರದವನು ಆ ಎತ್ತರವನ್ನು ಏರುವುದು ಅಸಾಧ್ಯ; ಪಾಠ ಒಂದು ಮಟ್ಟದವರೆಗೆ, ಪರೀಕ್ಷೆ ಮತ್ತೊಂದು ಮಟ್ಟದಲ್ಲಿ, ಇದು ಯಾವ ನ್ಯಾಯ? ಸರಕಾರದ ಪಕ್ಷದವರೇ ಹೆಚ್ಚಾಗಿದ್ದ ಆ ಸಮಿತಿಯು ಮಸೂದೆಯನ್ನು ಒಪ್ಪಬಹುದೆಂದು ಹೇಳಿದರೂ, ಹಿಂದೆ ಅಲ್ಪಸ್ವಲ್ಪ ಇಂಗ್ಲಿಷಿನಿಂದಲೇ ಪೌರರಾಗಿ ದೇಶಕ್ಕೆ ದುಡಿದವರಂಥವರನ್ನು ಹೊರಗಿಡುವಷ್ಟು ಎತ್ತರದಲ್ಲಿ ಮಟ್ಟವಿರಕೂಡದೆಂದು ಬರೆಯಿತು. ಅಕ್ಟೋಬರಿನಲ್ಲಿ ಆ ಮಸೂದೆ ಸೆನೆಟ್ಟಿನ ಕಾರ್ಯಕ್ರಮದಿಂದ ಬಿದ್ದುಹೋಯಿತು. 1901ರಲ್ಲಿ ಉಕ್ತಲೇಖನದ ಶಾಸನವಾದಾಗ ಇಂಥ ಅಂಕಿಗಳನ್ನು ಹಿಡಿದು ಬಾಗಿಲಲ್ಲಿ ನಿಲ್ಲುವವರು ಇರಲಿಲ್ಲ. 2017ರಲ್ಲಿ ಇದ್ದರು. ಮತಗಳ ಲೆಕ್ಕವೂ ಆ ದಿನ ಕೂಡಿಬಂದಿತೆಂಬುದು ನಿಜ. ಆದರೆ ಮತ ಕೊಡುವವನ ಕೈಯಲ್ಲಿ ಕಾರಣವನ್ನು ಇಟ್ಟವರು ಅವರು.

ಅಂಕಿಗಳನ್ನು ನಂಬುವುದರಲ್ಲಿಯೂ ಒಂದು ಎಚ್ಚರ ಬೇಕು. ಮೇಲೆ ಹೇಳಿದ ಭಾಷಣದಲ್ಲಿಯೇ ಮಂತ್ರಿಯು ಮತ್ತೊಂದು ಲೆಕ್ಕವನ್ನು ಹೇಳಿದನು: ಇಂಗ್ಲಿಷು ಏನೂ ಬಾರದವರಲ್ಲಿ ಉದ್ಯೋಗವುಳ್ಳವರು ನೂರಕ್ಕೆ 13, ಚೆನ್ನಾಗಿ ಬರುವವರಲ್ಲಿ 62. ಇದನ್ನು ಕೇಳಿದೊಡನೆ ಇಂಗ್ಲಿಷು ಬಂದರೆ ಉದ್ಯೋಗ ತಾನೇ ಬರುವುದೆಂದು ಹೇಳಲು ನಾಲಿಗೆ ತುಡಿಯುವುದು. ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋದರೆ ಕಾಗೆಯೇ ಬೀಳಿಸಿತೆನ್ನಬಾರದೆಂದು ಕಾಕತಾಳೀಯನ್ಯಾಯ ಎಚ್ಚರಿಸುವುದು. ಇಂಗ್ಲಿಷು ಬಾರದವರಲ್ಲಿ ಮುದುಕರು ಹೆಚ್ಚಿರಬಹುದು, ಓದಿಲ್ಲದವರು ಹೆಚ್ಚಿರಬಹುದು, ಕೆಲಸ ಸಿಕ್ಕಿದ ಮೇಲೆ ಅಲ್ಲಿಯೇ ಮಾತು ಕಲಿತವರೂ ಇರಬಹುದು. ಯಾವುದು ಕಾರಣ, ಯಾವುದು ಕಾರ್ಯ ಎಂಬುದನ್ನು ಬಿಡಿಸಬೇಕಾದರೆ ಬೇರೆ ಬಗೆಯ ಪರೀಕ್ಷೆ ಬೇಕು.

ಅಂಥ ಪರೀಕ್ಷೆಯೊಂದನ್ನು ಇಂಗ್ಲೆಂಡಿನ ಸರಕಾರವು 2016ರಲ್ಲಿ ಮಾಡಿಸಿತು. ಇಂಗ್ಲಿಷು ಅಷ್ಟಾಗಿ ಬಾರದ 527 ಮಂದಿಯನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಊರಿನ ನಡುವೆಯೇ 11 ವಾರ ಪಾಠ ಹೇಳಿದರು. ಮತ್ತೊಂದು ಗುಂಪಿನವರಿಗೆ ಆ ಅವಧಿಯಲ್ಲಿ ಪಾಠವಿಲ್ಲ. ಎರಡು ಗುಂಪುಗಳಿಗೂ ಉಳಿದ ವಿಷಯಗಳಲ್ಲಿ ಭೇದವಿಲ್ಲವಾದುದರಿಂದ, ಕೊನೆಯಲ್ಲಿ ಕಂಡ ವ್ಯತ್ಯಾಸಕ್ಕೆ ಪಾಠವೇ ಕಾರಣವೆಂದು ಹೇಳಬಹುದಾಯಿತು. 2018ರಲ್ಲಿ ಫಲಿತಾಂಶ ಪ್ರಕಟವಾಯಿತು: ಪಾಠ ಕೇಳಿದವರ ಇಂಗ್ಲಿಷು ಹೆಚ್ಚು ಬೆಳೆದಿತ್ತು, ಬೇರೆ ಹಿನ್ನೆಲೆಯವರೊಡನೆ ಅವರ ಬಳಕೆಯೂ ಹೆಚ್ಚಿತ್ತು. ಆದರೆ ಆ ದೇಶದಲ್ಲಿಯೇ ಇಂಗ್ಲೆಂಡ್ ಭಾಗದ ಇಂಥ ಶಿಕ್ಷಣದ ಹಣವು 2009–10ರಲ್ಲಿ 20 ಕೋಟಿ 30 ಲಕ್ಷ ಪೌಂಡುಗಳಿದ್ದುದು 2015–16ರ ವೇಳೆಗೆ 9 ಕೋಟಿಗೆ ಇಳಿದಿತ್ತು. ಪಾಠದಿಂದ ಫಲವುಂಟೆಂದು ತೋರಿಸುವುದು ಸಂಶೋಧಕನ ಕೆಲಸ. ಫಲ ಬೇಕೆಂದು ಹಣವಿಡುವುದು ಶಾಸನಕರ್ತನ ಕೆಲಸ. ಮೊದಲನೆಯದು ಎಷ್ಟು ಚೆನ್ನಾಗಿ ನಡೆದರೂ ಎರಡನೆಯದರ ಸ್ಥಾನದಲ್ಲಿ ನಿಲ್ಲಲಾರದು. ದೀಪವು ದಾರಿಯನ್ನು ತೋರಿಸುವುದು. ನಡೆಯುವುದಕ್ಕೆ ಕಾಲು ಬೇಕು.

ಈ ಮಾತು ಹೊರದೇಶಗಳಿಗೆ ಮಾತ್ರ ಸಲ್ಲುವುದಲ್ಲ. ಬೆಂಗಳೂರಿಗೆ ದಿನವೂ ಬಂದಿಳಿಯುವ ಪರಭಾಷಿಕರಿಗೆ ಕನ್ನಡ ಕಲಿಸಬೇಕೆಂದು ಸಭೆಗಳಲ್ಲಿ ಭಾಷಣಗಳಾಗುವುವು, ತರಗತಿಗಳೂ ನಡೆಯುವುವು. ಆ ತರಗತಿಗಳ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆಯೂ ಅದೇ: ಎಷ್ಟು ತರಗತಿ ತೆರೆದರೆಂಬುದಲ್ಲ, ಕಟ್ಟಡದ ಕೆಲಸಕ್ಕೆ ಬಂದ ತಾಯಿಯೊಬ್ಬಳು ಆಸ್ಪತ್ರೆಯಲ್ಲಿ ತನ್ನ ಮಗುವಿನ ನೋವನ್ನು ಕನ್ನಡದಲ್ಲಿ ಹೇಳಬಲ್ಲವಳಾದಳೇ ಎಂಬುದು. ಮನೆಯ ಮಕ್ಕಳು ಪರರ ಹೊಸ್ತಿಲಲ್ಲಿ ದೀಪವನ್ನು ಬಯಸುವಾಗ, ಮನೆಯ ಹೊಸ್ತಿಲಲ್ಲಿಯೂ ಅದು ಇರಬೇಕಾದುದು ಧರ್ಮ.

ಆ ಹೆಣ್ಣುಮಗಳು ಮತ್ತೆ ತರಗತಿಗೆ ಹೋಗತೊಡಗಿದಳೆಂದು ಭಾವಿಸಿ ಈ ಮಾತನ್ನು ಮುಗಿಸಬಹುದು. ಎರಡನೆಯ ಮಗುವಿಗೆ ಕೆಮ್ಮು ಬಂದ ದಿನ ಅವಳೇ ವೈದ್ಯರಲ್ಲಿಗೆ ಹೋಗುವಳು. ತಡೆತಡೆದು, ವ್ಯಾಕರಣ ತಪ್ಪಿ, ಆದರೂ ಕೇಳುವಳು. ರಾತ್ರಿ ಊರಿನಿಂದ ತಾಯಿಯ ಧ್ವನಿ ಬರುವುದು: "ಔಷಧ ಎಷ್ಟು ತಾಸಿಗೊಮ್ಮೆ ಅಂದ್ರವಾ?"

"ಆರು ತಾಸಿಗೊಮ್ಮೆ ಅವ್ವಾ. ಎರಡು ಸಲ ಕೇಳಿ ಬಂದೀನಿ."

ಜನಗಣತಿಯ ಪುಸ್ತಕದಲ್ಲಿ ಅವಳು ಒಂದು ಮನೆಯಿಂದ ಪಕ್ಕದ ಮನೆಗೆ ಸರಿದ ಒಂದು ಗೀಟು ಮಾತ್ರ. ಧಾರವಾಡದ ಕಡೆಯ ಆ ಹಳ್ಳಿಯಲ್ಲಿ ತಾಯಿಯೊಬ್ಬಳು ಆ ರಾತ್ರಿ ನಿಶ್ಚಿಂತೆಯಿಂದ ಮಲಗುವಳು.